ಸೀಟಿನ ಕೆಳಗಿನ ಚೀಲ

ಸೈಕಲ್ ಸೀಟಿನ ಕೆಳಗೆ ತೂಗುವ ಪುಟ್ಟ ಚೀಲದಲ್ಲಿ ಏನಿರಬೇಕು ಎಂದು ತೀರ್ಮಾನಿಸುವುದು ದಾರಿ. ಅದರಲ್ಲೂ ಆ ದಾರಿಯಲ್ಲಿ ಏನು ಸಿಗುವುದಿಲ್ಲ ಎಂಬುದು. ಕರಿಯ, ದಪ್ಪ ಟೈರಿನ ಸೈಕಲ್ ತುಳಿದ ನಮ್ಮ ಹಿಂದಿನ ತಲೆಮಾರು ಬರಿಗೈಯಲ್ಲೇ ಹೊರಡುತ್ತಿತ್ತು. ಊರೂರಿಗೂ ಸೈಕಲ್ ಶಾಪು, ಅದರ ಮುಂದೆ ಕಾಲಲ್ಲಿ ಅದುಮಿ ಹಿಡಿಯುವ ಪಂಪು, ಟ್ಯೂಬ್ ಮುಳುಗಿಸಿ ಗುಳ್ಳೆ ಹುಡುಕಲು ಒಂದು ಬಾಂಡಲಿ ನೀರು ಇರುತ್ತಿದ್ದವು. ಹೆಚ್ಚುಕಡಿಮೆ ಎಲ್ಲ ಸೈಕಲ್ಲಿಗೂ ಒಂದೇ ಬಗೆಯ ವಾಲ್ವು. ಈಗಿನ ಗೇರ್ ಸೈಕಲ್ಲುಗಳಲ್ಲಿ ಹಲವಕ್ಕೆ ತೆಳು ಮೂತಿಯ ಪ್ರೆಸ್ಟಾ ವಾಲ್ವ್ ಇದೆ. ಹೆದ್ದಾರಿಯ ಪಂಕ್ಚರ್ ಅಂಗಡಿಯ ಗಾಳಿ ಕೊಳವೆ ಅಡಾಪ್ಟರ್ ಇಲ್ಲದೆ ಅದಕ್ಕೆ ಕೂರುವುದಿಲ್ಲ. ಹಾಗಾಗಿ ಒಂದು ಹೊಸ ಟ್ಯೂಬು, ಎರಡು ಟೈರ್ ಲಿವರ್, ಪುಟ್ಟ ಪಂಪು, ಅಲೆನ್ ಕೀ ಕಟ್ಟಿಕೊಳ್ಳಲೇಬೇಕು. ಪ್ಯಾಚು, ಸೊಲ್ಯೂಷನ್ ಕೂಡ ಇರಲಿ, ಆದರೆ ಅವನ್ನೇ ನಂಬಬಾರದು. ಮಳೆಯಲ್ಲಿ ಪ್ಯಾಚು ಅಂಟುವುದಿಲ್ಲ, ಒಮ್ಮೆ ತೆರೆದ ಸೊಲ್ಯೂಷನ್ ಮುಂದಿನ ಸಲಕ್ಕೆ ಒಣಗಿರುತ್ತದೆ. ಟ್ಯೂಬ್ ಬದಲಿಸುವ ಮೊದಲು ಟೈರಿನ ಒಳಗೆ ಬೆರಳಾಡಿಸದಿದ್ದರೆ, ಅಲ್ಲೇ ಕೂತ ಜಾಲಿಮುಳ್ಳು ಹೊಸದಕ್ಕೂ ಚುಚ್ಚುತ್ತದೆ.

ಫೋನಿರುವಾಗ ಇಷ್ಟೆಲ್ಲ ಯಾಕೆ, ಗಾಡಿ ಕರೆಸಿದರಾಯಿತು ಎನ್ನುವವರಿದ್ದಾರೆ. ಊರೊಳಗೆ ಆ ಮಾತು ಸರಿಯೇ. ಆದರೆ ಘಟ್ಟದ ತಿರುವಿನಲ್ಲಿ ಸಿಗ್ನಲ್ ಇಲ್ಲದಿದ್ದರೆ ಫೋನು ಬರೀ ಗಡಿಯಾರ. ಮೇಲಾಗಿ, ತನ್ನ ಸೈಕಲ್ ತಾನೇ ರಿಪೇರಿ ಮಾಡಿಕೊಳ್ಳುವುದು ಒಂದು ಕಾಲಕ್ಕೆ ಪಂದ್ಯದ ನಿಯಮವೇ ಆಗಿತ್ತು. 1913ರ ಟೂರ್ ಡಿ ಫ್ರಾನ್ಸ್‌ನಲ್ಲಿ ಟೂರ್ಮಾಲೆ ಕಣಿವೆದಾರಿ ಇಳಿಯುವಾಗ ಯೂಜೀನ್ ಕ್ರಿಸ್ತೋಫ್‌ನ ಫೋರ್ಕ್ ಮುರಿಯಿತು. ಸೈಕಲ್ ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ನಡೆದು, ಹಳ್ಳಿಯ ಕುಲುಮೆಯೊಂದರಲ್ಲಿ ತಾನೇ ಬೆಸೆದುಕೊಂಡ. ತಿದಿ ಒತ್ತಲು ಹುಡುಗನೊಬ್ಬ ನೆರವಾದನೆಂದು ತೀರ್ಪುಗಾರರು ಅದಕ್ಕೂ ದಂಡದ ಸಮಯ ಹಾಕಿದರು! ಅಷ್ಟು ಕಠೋರತೆ ಅತಿಯೇ. ಇವತ್ತಿನ ಟೂರ್‌ನಲ್ಲಿ ತಂಡದ ಕಾರು ಚಕ್ರ ಹಿಡಿದು ಹಿಂದೆಯೇ ಬರುತ್ತದೆ. ಹಳೆಯ ನಿಯಮದ ಸಾರ ಉಳಿದಿರುವುದು ಬ್ರೆವೆ ಎಂಬ, ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿಗಳಲ್ಲಿ. ಬೆಂಗಳೂರಿನ ಅನೇಕರೂ ತುಳಿಯುವ 200 ಕಿಲೋಮೀಟರ್ ಬ್ರೆವೆಗೆ ಹದಿಮೂರೂವರೆ ಗಂಟೆ ಗಡುವು. ನಿಗದಿತ ತಂಗುದಾಣಗಳ ನಡುವೆ ಹಿಂಬಾಲಿಸುವ ಗಾಡಿಯ ನೆರವು ಪಡೆಯುವಂತಿಲ್ಲ.

ಇನ್ನು ಚೀಲದ ಹೊರಗಿನ ರಕ್ಷಣೆಯ ಮಾತು. ಹೆಲ್ಮೆಟ್ ವಿಷಯದಲ್ಲಿ ನನಗೆ ತಕರಾರಿಲ್ಲ. 2003ರಲ್ಲಿ ಆಂದ್ರೆಯ್ ಕಿವಿಲೆವ್ ಪ್ಯಾರಿಸ್-ನೀಸ್ ಪಂದ್ಯದಲ್ಲಿ ಬಿದ್ದು ಸತ್ತ ಮೇಲೆ ವೃತ್ತಿಪರ ಪಂದ್ಯಗಳಲ್ಲಿ ಅದು ಕಡ್ಡಾಯವಾಯಿತು. ಆದರೆ ಅದೊಂದಿದ್ದರೆ ರಕ್ಷಣೆ ಮುಗಿಯಿತು ಎಂಬ ನೆಮ್ಮದಿಗೆ ತಕರಾರಿದೆ. ಹೆಲ್ಮೆಟ್ ಕೆಲಸಕ್ಕೆ ಬರುವುದು ಬಿದ್ದ ಮೇಲೆ. ಹಿಂದಿನ ಕೆಂಪು ದೀಪವೂ ಮಿನುಗುವ ಪಟ್ಟಿಯ ಜಾಕೆಟ್ಟೂ ಲಾರಿಯವನ ಕಣ್ಣಿಗೆ ನಮ್ಮನ್ನು ಮೊದಲೇ ತೋರಿಸುತ್ತವೆ. ಒಂದು ಕಾಲದಲ್ಲಿ ದೀಪವಿಲ್ಲದ ಸೈಕಲ್ಲನ್ನು ಪೊಲೀಸರು ಹಿಡಿಯುತ್ತಿದ್ದುದರಲ್ಲಿ ಅರ್ಥವಿತ್ತು. ಆದರೆ ಆಗಿನ ದೀಪ ಉರಿಸುತ್ತಿದ್ದ, ಚಕ್ರಕ್ಕೆ ಒರಗಿ ತಿರುಗುವ ಡೈನಮೋಗೊಂದು ದೋಷ: ಸೈಕಲ್ ನಿಂತರೆ ಅದೂ ಕತ್ತಲು. ಪಂಕ್ಚರ್ ಆದವನು ನಿಂತೇ ಇರುತ್ತಾನೆ. ಅದಕ್ಕೇ ನಾನು ಬ್ಯಾಟರಿ ದೀಪದ ಪರ, ಅದರಲ್ಲೂ ಹಣೆಗೆ ಕಟ್ಟಿಕೊಳ್ಳುವಂಥದ್ದರ ಪರ. ಟೈರ್ ಬಿಚ್ಚಲು ಎರಡೂ ಕೈ ಬೇಕು.