ಮೂರನೆಯವರು ಯಾರು?

ಮನೆಯಲ್ಲಿ ಮೋಟಾರುಗಾಡಿ ಇಟ್ಟುಕೊಂಡ ಗೃಹಸ್ಥನಿಗೆ ವರ್ಷಕ್ಕೊಮ್ಮೆ ಒಂದು ಧರ್ಮಸಂಕಟ ತಪ್ಪಿದ್ದಲ್ಲ. ವಿಮೆಯ ಅವಧಿ ತೀರಲು ಬಂದಿತೆಂದು ಸೂಚನೆ ಬರುವುದು. ‘ಥರ್ಡ್ ಪಾರ್ಟಿ’ ಸಾಕೋ, ‘ಕಾಂಪ್ರಿಹೆನ್ಸಿವ್’ ಬೇಕೋ ಎಂಬ ಪ್ರಶ್ನೆ ಏಳುವುದು. ನಾವೂ ಈ ಪ್ರಶ್ನೆಯನ್ನು ತಕ್ಕಡಿಯಲ್ಲಿಟ್ಟು ತೂಗಿ, ಸರಿಯಾದ ಉತ್ತರ ಕಂಡುಕೊಂಡೆವೆಂದು ಹೆಮ್ಮೆಪಟ್ಟವರೇ. ಆದರೆ ತೂಗುವಾಗ ಒಂದು ಮುಖ್ಯವಾದ ತೂಕವನ್ನೇ ಮರೆತಿದ್ದೆವು. ಅದು ತಿಳಿದುಬಂದ ಬಗೆಯನ್ನು ವಾಚಕರ ಮುಂದಿಡುವುದೇ ಈ ಬರಹದ ಉದ್ದೇಶ.

ನಾವಿರುವುದು ವಿಜಯಪುರದ ಅಂಚಿಗಿರುವ ಭೂತನಾಳದಲ್ಲಿ. ಪೇಟೆಗೆ, ದವಾಖಾನೆಗೆ, ತಿಕೋಟಾದ ಕಡೆಯ ನೆಂಟರ ಮನೆಗಳಿಗೆ ಹೋಗಿಬರಲು 2011ರಲ್ಲಿ ಒಂದು ಕಾರು ಕೊಂಡೆವು. ಮೊದಲ ವರ್ಷಗಳಲ್ಲಿ ಕಾಂಪ್ರಿಹೆನ್ಸಿವ್ ವಿಮೆಯನ್ನೇ ಮಾಡಿಸಿದ್ದೆವು. ಒಮ್ಮೆಯೂ ಪರಿಹಾರ ಕೇಳುವ ಪ್ರಸಂಗ ಬರಲಿಲ್ಲ. ಹೀಗೆ ಐದು ವರ್ಷ ಸತತವಾಗಿ ಕೇಳದವರಿಗೆ ಸ್ವಂತ ಹಾನಿಯ ಕಂತಿನಲ್ಲಿ ನೂರಕ್ಕೆ 50ರಷ್ಟು ಸೋಡಿ ಉಂಟು. ಅದೂ ನಮಗೆ ದೊರೆತಿತ್ತು.

ಆದರೆ ಗಾಡಿಯ ಬೆಲೆ ವರ್ಷವರ್ಷಕ್ಕೂ ಇಳಿಯತಕ್ಕದ್ದು. ಐದನೆಯ ವರ್ಷಕ್ಕೇ ಅದನ್ನು ಅರ್ಧವೆಂದು ಲೆಕ್ಕ ಹಿಡಿಯುವುದು ವಿಮೆಯವರ ಪದ್ಧತಿ. 2022ರಲ್ಲಿ ನಮ್ಮ ಕಾರಿಗೆ ಅವರು ಕಟ್ಟಿದ ಬೆಲೆ 1,10,000 ರೂಪಾಯಿ. ಆ ವರ್ಷದ ಜೂನ್ 1ರಿಂದ 1000ಕ್ಕೂ 1500ಕ್ಕೂ ನಡುವಣ ಸಿ.ಸಿ.ಯ ಕಾರುಗಳಿಗೆ ಸರಕಾರವು ಗೊತ್ತುಮಾಡಿದ ಥರ್ಡ್ ಪಾರ್ಟಿ ಕಂತು 3,416 ರೂಪಾಯಿ, ತೆರಿಗೆ ಬೇರೆ. ಕಾಂಪ್ರಿಹೆನ್ಸಿವ್ ಬೇಕೆಂದರೆ ಅದರ ಮೇಲೆ ಇನ್ನೂ 4,300 ರೂಪಾಯಿ ತೆರಬೇಕಾಗಿದ್ದಿತು.

ಎರಡರ ಭೇದವನ್ನು ನಾವು ಮನೆಯಲ್ಲಿ ಹೀಗೆ ವಿವರಿಸಿದೆವು: ‘ನಮ್ಮ ಗಾಡಿಯಿಂದ ದಾರಿಯಲ್ಲಿ ಹೋಗುವವನೊಬ್ಬನು ಸತ್ತರೆ, ಗಾಯಗೊಂಡರೆ, ನ್ಯಾಯಮಂಡಳಿಯು ಎಷ್ಟು ವಿಧಿಸಿದರೂ ವಿಮೆಯವರೇ ತುಂಬಿಕೊಡುವರು. ಅವನ ಸೊತ್ತು ಕೆಟ್ಟರೆ 7,50,000 ರೂಪಾಯಿಯ ವರೆಗೆ ಕೊಡುವರು. ಇದು ಥರ್ಡ್ ಪಾರ್ಟಿ. ಕಾನೂನು ಇದನ್ನು ಕಡ್ಡಾಯ ಮಾಡಿದೆ. ಇದಿಲ್ಲದೆ ಗಾಡಿ ಓಡಿಸಿದವನಿಗೆ ಮೊದಲ ಸಲ 2,000 ರೂಪಾಯಿ ದಂಡ, ಅಥವಾ ಮೂರು ತಿಂಗಳ ವರೆಗೆ ಸೆರೆ, ಅಥವಾ ಎರಡೂ. ನಮ್ಮ ಗಾಡಿಯೇ ಜಜ್ಜಿಹೋದರೆ, ಕಳುವಾದರೆ, ಸುಟ್ಟರೆ, ನೆರೆಗೆ ಸಿಕ್ಕರೆ ಪರಿಹಾರ ಕೊಡುವುದು ಕಾಂಪ್ರಿಹೆನ್ಸಿವ್. ಇದು ನಮ್ಮ ಇಷ್ಟಕ್ಕೆ ಬಿಟ್ಟದ್ದು.’

ಗಾಡಿ ನಾಳೆ ಸುಟ್ಟುಹೋದರೆ ನಾವು ಉಪವಾಸ ಬೀಳುವೆವೆ? ಇಲ್ಲ. ಅಂದಮೇಲೆ ಹಳೆಯ ತಗಡಿಗೆ ಅಷ್ಟು ಹಣವೇಕೆ? ಮನೆಯಾಕೆಯೂ ತಲೆದೂಗಿದಳು. 4,300 ರೂಪಾಯಿ ಉಳಿಯಿತು.

2023ರ ಮಾಘಮಾಸದಲ್ಲಿ ಒಂದು ಮದುವೆಯನ್ನು ಮುಗಿಸಿಕೊಂಡು ತಿಕೋಟಾದಿಂದ ಮರಳುತ್ತಿದ್ದೆವು. ಗಾಡಿ ನಡೆಸುತ್ತಿದ್ದವರು ನಾವೇ; ಹಿಂದಿನ ಆಸನದಲ್ಲಿ ವಿಧವೆಯಾದ ನಮ್ಮ ಅಕ್ಕ. ಹೊತ್ತು ಮುಳುಗಿತ್ತು. ದ್ರಾಕ್ಷಿಯ ತೋಟವೊಂದರ ಬದಿಯಿಂದ ಎಮ್ಮೆಯ ಕರುವೊಂದು ದಾರಿಗೆ ಹಾರಿತು. ತಪ್ಪಿಸಲು ಹೋಗಿ ಜಾಲಿಯ ಮರಕ್ಕೆ ಗಾಡಿಯನ್ನು ಹೊಡೆದೆವು. ಕರು ಉಳಿಯಿತು, ನಮಗೆ ತರಚುಗಾಯವಾಯಿತು, ಅಕ್ಕನ ತೊಡೆಯ ಎಲುಬು ಮುರಿಯಿತು.

ಗಾಡಿಯನ್ನು ಗುಜರಿಗೆ ಕೊಟ್ಟೆವು. ಅದಕ್ಕಾಗಿ ಮರುಗಲಿಲ್ಲ, ಮೊದಲೇ ಎಣಿಸಿದ್ದ ನಷ್ಟವದು. ಆದರೆ ದವಾಖಾನೆಯ ಲೆಕ್ಕ 1,85,000 ರೂಪಾಯಿಗೆ ಏರಿತು. ವಿಮೆಯ ಕಾಗದವನ್ನು ತೆಗೆದುಕೊಂಡು ನಮ್ಮ ಪರಿಚಯದ ವಕೀಲರಲ್ಲಿಗೆ ಹೋದೆವು. ‘ನಾವು ಒಬ್ಬರು, ವಿಮೆಯವರು ಇನ್ನೊಬ್ಬರು, ಉಳಿದವರೆಲ್ಲ ಮೂರನೆಯವರಲ್ಲವೆ? ಅಕ್ಕನೂ ಮೂರನೆಯವಳೇ’ ಎಂದೆವು. ಅವರು ನಿಧಾನವಾಗಿ ತಿಳಿಸಿದರು: ಬರಿಯ ಥರ್ಡ್ ಪಾರ್ಟಿ ಕಾಗದವು ಸ್ಕೂಟರಿನ ಹಿಂದೆ ಉಚಿತವಾಗಿ ಕುಳಿತು ಬಂದವರಿಗೆ ಒದಗದೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ತೀರ್ಪಿತ್ತಿದೆ, ಖಾಸಗಿ ಕಾರಿನೊಳಗೆ ಕುಳಿತವರಿಗೂ ಅದು ಸಾಲದು, ಕಾಂಪ್ರಿಹೆನ್ಸಿವ್ ಕಾಗದವಾದರೆ ಅವರು ಅದರಲ್ಲಿ ಸೇರುವರು ಎಂದು 2012ರಲ್ಲಿ ಹೇಳಿದೆ. ಕಾಂಪ್ರಿಹೆನ್ಸಿವ್ ಕಾಗದದಲ್ಲಿ ಇವರೆಲ್ಲ ಸೇರಿದವರೆಂದು ವಿಮಾ ನಿಯಂತ್ರಣ ಪ್ರಾಧಿಕಾರವೂ 2009ರ ನವೆಂಬರಿನಲ್ಲಿ ಕಂಪನಿಗಳಿಗೆ ಸ್ಪಷ್ಟಪಡಿಸಿದ್ದಿತು.

ದಾರಿಹೋಕನ ಹೆಸರೂ ತಿಳಿಯದೆ ಅವನಿಗೆ ರಕ್ಷಣೆ ಒದಗಿಸಿದ್ದೆವು. ಅದು ನ್ಯಾಯವೇ. ಆದರೆ ನಮ್ಮನ್ನು ಎತ್ತಿ ಆಡಿಸಿದ ಅಕ್ಕನಿಗೆ ಆ ಕಾಗದದಲ್ಲಿ ಒಂದು ಅಕ್ಷರದ ಸ್ಥಳವಿರಲಿಲ್ಲ. ದೋಷ ಯಾರದೂ ಅಲ್ಲ, ಓದದೆ ರುಜು ಹಾಕಿದ ನಮ್ಮದು.

ಅಂದು ರಾತ್ರಿ ದವಾಖಾನೆಗೆ ಹೋದಾಗ ಅಕ್ಕ ಕೈಯ ಎರಡು ಬಂಗಾರದ ಬಳೆಗಳನ್ನು ತೆಗೆದು ದಿಂಬಿನ ಕೆಳಗಿಟ್ಟಿದ್ದಳು. ‘ಸಾಲದೆ ಬಂದರೆ ಇವನ್ನು ಒಯ್ಯಿ, ನನಗೆ ಇನ್ನಾರಿಗೆ ಕೊಡುವುದಿದೆ?’ ಎಂದಳು. ಬಳೆಗಳನ್ನು ಮುಟ್ಟಲಿಲ್ಲ, ಬ್ಯಾಂಕಿನ ಠೇವಣಿಯನ್ನು ಮುರಿದು ಹಣ ಕಟ್ಟಿದೆವು. ಆದರೆ ಆ ಮಾತಿನ ಮುಂದೆ ನಾವು ಉಳಿಸಿದ 4,300 ರೂಪಾಯಿಯನ್ನು ನೆನೆದು ತಲೆ ತಗ್ಗಿಸಿದೆವು.

ಹಾಗೆಂದು ಎಲ್ಲರೂ ಕಾಂಪ್ರಿಹೆನ್ಸಿವ್ ಮಾಡಿಸಲೇಬೇಕೆಂಬುದು ನಮ್ಮ ವಾದವಲ್ಲ. ಹಳೆಯ ಗಾಡಿಯಲ್ಲಿ ಒಬ್ಬನೇ ಹೊಲಕ್ಕೆ ಹೋಗಿಬರುವವನಿಗೆ ಥರ್ಡ್ ಪಾರ್ಟಿಯೂ, ಜೊತೆಗೆ ಗಾಡಿ ನಡೆಸುವ ಯಜಮಾನನಿಗಾಗಿ ಇರುವ 15 ಲಕ್ಷದ ಅಪಘಾತ ವಿಮೆಯೂ ಸಾಕಾಗಬಹುದು. ಥರ್ಡ್ ಪಾರ್ಟಿಯೊಂದೇ ಮಾಡಿಸುವವರು, ಕುಳಿತವರಿಗಾಗಿ ಅಪಘಾತ ವಿಮೆಯನ್ನು ಬೇರೆ ಹಣ ಕೊಟ್ಟು ಸೇರಿಸಿಕೊಳ್ಳಬಹುದೆ ಎಂದು ವಿಚಾರಿಸಬೇಕು. ಹೊಸ ಗಾಡಿ, ಸಾಲದ ಗಾಡಿ ಇದ್ದವರಿಗೆ ಕಾಂಪ್ರಿಹೆನ್ಸಿವ್ ಲೇಸು. ನಮ್ಮ ವಿನಂತಿ ಇಷ್ಟೇ: ಗಾಡಿಯ ಬೆಲೆಯೆಷ್ಟು ಎಂದು ಕೇಳುವುದಕ್ಕೆ ಮುಂಚೆ, ಅದರಲ್ಲಿ ಯಾರು ಯಾರು ಕುಳಿತುಕೊಳ್ಳುವರು ಎಂದು ಎಣಿಸಿರಿ.

2024ರಲ್ಲಿ ಇನ್ನೊಂದು ಹಳೆಯ ಕಾರನ್ನೇ ಕೊಂಡೆವು. ಈ ಸಲ ಕಾಂಪ್ರಿಹೆನ್ಸಿವ್ ಕಾಗದವನ್ನು ಮನೆಯಾಕೆ ಗಟ್ಟಿಯಾಗಿ ಓದಿದ ಮೇಲೆಯೇ ರುಜು ಹಾಕಿದೆವು. ಅಕ್ಕ ಈಗ ಕೋಲೂರಿ ನಡೆಯುವಳು. ಮೊದಲ ಸಲ ಹಿಂದಿನ ಆಸನದಲ್ಲಿ ಕುಳಿತಾಗ, ‘ಈ ಸಲವಾದರೂ ನಿನ್ನ ಕಾಗದದಲ್ಲಿ ನಾನಿದ್ದೇನೆಯೆ?’ ಎಂದು ನಕ್ಕಳು. ಇದ್ದೀಯೆ ಎಂದು ಹೇಳಿ ಗಾಡಿಯನ್ನು ನಿಧಾನವಾಗಿ ನಡೆಸಿದೆವು.