ಎರಡು ನಳದ ನಡುವ ಒಂದು ಪೈಪು

ನಮ್ಮ ಮನ್ಯಾಗ ಇರೂದು ಒಂದ ಟೀವಿ ನೋಡ್ರಿ. ಪಡಸಾಲಿ ಗ್ವಾಡಿಗೆ ಜಡದು ಕೂಡಿಸಿದ್ದು, ಅಳ್ಳಾಡಂಗಿಲ್ಲ. ಅದರ ಎದುರಿನ ಖುರ್ಚಿ ನಮ್ಮ ಅತ್ತಿಯವರದು. ಸಂಜಿ ಆರರಿಂದ ರಾತ್ರಿ ಹತ್ತರ ತನಕ ಅವರೂ ಅಲ್ಲಿಂದ ಅಳ್ಳಾಡಂಗಿಲ್ಲ. ವಯಸ್ಸು ಎಂಬತ್ತಮೂರು. ಕಿವಿ ಮಂದ ಆಗ್ಯಾವ, ಮೊಣಕಾಲು ಹಿಡಕೊಂಡಾವ, ಓಣ್ಯಾಗಿನ ಗೆಳತ್ಯಾರು ಒಬ್ಬೊಬ್ಬರ ಹೋಗಿಬಿಟ್ಟಾರ. ಈಗ ಅವರಿಗೆ ಮಂದಿ ಅಂದ್ರ ಧಾರಾವಾಹಿಯೊಳಗಿನ ಮಂದಿನ. ಅಲ್ಲಿ ಸೊಸಿ ಅತ್ರ ಇವರೂ ಕಣ್ಣು ಒರಸ್ಕೋತಾರ (ಮನಿ ಸೊಸಿ ಅತ್ರ ಗೊತ್ತಾಗ್ತದೋ ಇಲ್ಲೋ, ಆ ಮಾತು ಬ್ಯಾರೆ).

ಹೋದ ಮಳಿಗಾಲದಾಗ ನನ್ನ ಸಣ್ಣ ಮಗ ಗಾಡಿ ಜಾರಿ ಬಿದ್ದು ಎಡಗಾಲ ಎಲುವು ಮುರಕೊಂಡ. ಒಳಗ ರಾಡ್ ಹಾಕಿ, ಮೂರು ತಿಂಗಳು ಕಾಲು ನೆಲಕ್ಕ ಊರಬಾರದು ಅಂತ ಡಾಕ್ಟರ್ ಹೇಳಿ ಕಳಿಸಿದ್ರು. ಪುಣೆದಾಗ ಹೊಸಾ ನೌಕರಿಗೆ ಸೇರಬೇಕಾಗಿತ್ತು. ಕಾಯ್ತೀವಿ ಅಂದಿದ್ದ ಕಂಪನಿಯವರು ಹದಿನೈದು ದಿನದಾಗ ಆಗೂದಿಲ್ಲ ಅಂತ ಮೇಲ್ ಕಳಿಸಿದ್ರು. ಅವತ್ತಿನಿಂದ ಹುಡುಗ ಗ್ವಾಡಿ ಕಡೆ ಮಾರಿ ಮಾಡಿ ಮಲಗಲಿಕ್ಕೆ ಶುರು ಮಾಡಿದ. ಊಟಕ್ಕ ಕರದ್ರ ಹೂಂ, ಗುಳಿಗಿ ಕೊಟ್ರ ಹೂಂ. ಅದರ ಮುಂದ ಮಾತಿಲ್ಲ.

ಅವನ ಹತ್ರ ಒಂದು ಪಿಎಸ್4 ಅದ. ಕಾಲೇಜಿನ್ಯಾಗಿದ್ದಾಗ ಟ್ಯೂಷನ್ ಹೇಳಿ ಗಳಿಸಿದ ರೊಕ್ಕದಾಗ, ಯಾರೋ ಬಳಸಿ ಮಾರಿದ್ದನ್ನ ತಗೊಂಡಿದ್ದ. ಅಜ್ಜಿ ಮಲಗಿದ ಮ್ಯಾಲೆ ಪಡಸಾಲ್ಯಾಗ ಕೂತು ಗೆಳ್ಯಾರ ಜೋಡಿ ಫುಟ್‌ಬಾಲ್ ಆಡ್ತಿದ್ದ. ಒಬ್ಬ ಬೆಂಗಳೂರಾಗ, ಒಬ್ಬ ಬೆಳಗಾಂವದಾಗ, ಇವ ಧಾರವಾಡದಾಗ. ಈಗ ಪಡಸಾಲಿಗೆ ಬರೂದು ಆಗವಲ್ದು. ಖೋಲ್ಯಾಗ ಅವರಕ್ಕನ ಹಳೇ ಲ್ಯಾಪ್‌ಟಾಪ್ ಇತ್ತು. ಆಟಾನ ಇದರ ಪರದೆ ಮ್ಯಾಲೆ ಬರೂಹಂಗ ಮಾಡಿದ್ರ ಆತಲ್ಲ ಅಂತ ನಮ್ಮನಿಯವರು ಪ್ಯಾಟಿಗೆ ಹೋಗಿ ಒಂದು ಎಚ್‌ಡಿಎಂಐ ಕೇಬಲ್ ತಂದ್ರು. "ಆರಾಮ ಬರ್ತದ್ರಿ ಸರ್" ಅಂತ ಅಂಗಡಿಯವ ಧೈರ್ಯ ಬ್ಯಾರೆ ಕೊಟ್ಟಿದ್ನಂತ. ಹಚ್ಚಿ ನೋಡಿದ್ರ ಏನೂ ಇಲ್ಲ. ಲ್ಯಾಪ್‌ಟಾಪ್ ತನ್ನ ಪಾಡಿಗೆ, ಪಿಎಸ್4 ತನ್ನ ಪಾಡಿಗೆ.

ಬೆಂಗಳೂರಾಗ ಕಂಪ್ಯೂಟರ್ ಕೆಲಸದಾಗಿರೋ ನಮ್ಮಕ್ಕನ ಮಗಗ ಫೋನ್ ಹಚ್ಚಿದೆ. "ಮೌಶಿ, ಲ್ಯಾಪ್‌ಟಾಪಿನ ಆ ತೂತು ಚಿತ್ರ ಹೊರಗ ಕಳಸಲಿಕ್ಕೆ ಇರೂದು. ಒಳಗ ತಗೊಳ್ಳಿಕ್ಕೆ ಅಲ್ಲ" ಅಂದ.

ನಮ್ಮ ಊರವರಿಗೆ ಇದನ್ನ ತಿಳಿಸಿ ಹೇಳೂದು ಹಗುರ. ಟೀವಿ ಅಂದ್ರ ಕೊಡ ಇದ್ದಂಗ, ಸುರುವಿದ್ದನ್ನ ತುಂಬ್ಕೋತದ. ಪಿಎಸ್4 ನಳಾ ಇದ್ದಂಗ. ಲ್ಯಾಪ್‌ಟಾಪೂ ನಳಾನ. ನಾವು ಮಾಡಿದ್ದು ಎರಡು ನಳದ ಬಾಯಿಗೆ ಒಂದು ಪೈಪು ಸಿಗಿಸಿ ನೀರಿಗೆ ಕಾಕೋತ ಕೂತಂಗ ಆಗಿತ್ತು. ಏಲಿಯನ್‌ವೇರ್‌ನಂಥಾ ಕೆಲವು ಹಳೇ ತುಟ್ಟಿ ಲ್ಯಾಪ್‌ಟಾಪಿನ್ಯಾಗ ಒಳಗ ತಗೊಳ್ಳೋ ಬಾಯಿನೂ ಇತ್ತಂತ. ನಮ್ಮ ನಿಮ್ಮ ಮನ್ಯಾಗ ಇರೂವು ಅಂಥಾವಲ್ಲ. ಆ ಕೇಬಲ್ಲೇನು ವ್ಯರ್ಥ ಆಗಲಿಲ್ಲ ಅನ್ರಿ; ಮೊಮ್ಮಗಳ ಹೆಸರಿಡೂ ಫೋಟೋನ ಲ್ಯಾಪ್‌ಟಾಪಿನಿಂದ ಟೀವಿಗೆ ಹಚ್ಚಿ ಓಣಿಯವರಿಗೆಲ್ಲಾ ತೋರಿಸಿದ್ವಿ.

ಹಂಗಾರ ನಡುವ ಏನರ ಬೇಕು. ಅದಕ್ಕ ಕ್ಯಾಪ್ಚರ್ ಕಾರ್ಡ್ ಅಂತಾರ. ಬೆಂಕಿಪೆಟ್ಟಿಗಿಯಷ್ಟು ಡಬ್ಬಿ, ಸಾವಿರದ ಒಳಗ ಸಿಕ್ತು. ಒಂದು ಕಡೆ ಎಚ್‌ಡಿಎಂಐ ಸಿಗಿಸೂದು, ಇನ್ನೊಂದು ಕಡೆ ಲ್ಯಾಪ್‌ಟಾಪಿನ ಯುಎಸ್‌ಬಿಗೆ. ಲ್ಯಾಪ್‌ಟಾಪು ಯಾವುದೋ ಕ್ಯಾಮೆರಾ ಬಂತು ಅಂತ ತಿಳಕೊಂಡು ಚಿತ್ರ ತಗೋತದ. ಓಬಿಎಸ್ ಅನ್ನೂ ಪುಕ್ಕಟೆ ಸಾಫ್ಟ್‌ವೇರಿನ್ಯಾಗ ಅದನ್ನ ನೋಡಬಹುದು. ಡಬ್ಬಿ ಮ್ಯಾಲೆ ದೊಡ್ಡ ಅಕ್ಷರದಾಗ 4ಕೆ ಅಂತ ಇರ್ತದ, ಅದನ್ನ ನೋಡಿ ಹಿಗ್ಗಬ್ಯಾಡ್ರಿ. ಸೋವಿ ಡಬ್ಬಿಯೊಳಗ 4ಕೆ ಒಳಗ ಹೋಗ್ತದ, ಲ್ಯಾಪ್‌ಟಾಪಿಗೆ ಬರೂದು 1080ನ.

ಹಚ್ಚಿದ್ವಿ. ಪರದೆ ಕರ್ರಗ. ಸಿನಿಮಾ ಕಳವು ಆಗಬಾರದು ಅಂತ ಪಿಎಸ್4 ತನ್ನ ಚಿತ್ರಕ್ಕ ಎಚ್‌ಡಿಸಿಪಿ ಅನ್ನೂ ಕೀಲಿ ಹಾಕಿರ್ತದಂತ. ಕೀಲಿ ತಗಿಬೇಕಂದ್ರ ಪರದೆ ಕಾಣಬೇಕು, ಪರದೆ ಕಾಣಬೇಕಂದ್ರ ಕೀಲಿ ತಗಿಬೇಕು! ಅದನ್ನ ಟೀವಿಗೆ ಹಚ್ಚಿಯೇ ತಗಿಬೇಕಾತು. ಟೀವಿ ಮುಂದ ಅತ್ತಿಯವರು. ಜಾಹೀರಾತು ಬರೂ ತನಕ ಪಿಎಸ್4 ಬಗಲಾಗ ಹಿಡಕೊಂಡು ನಿಂತೆ, ಬಂದ ಕೂಡ್ಲೆ ಸಿಗಿಸಿದೆ. ಒಳಗಿಂದ ಮಗ ಒದರಿ ಹೇಳಲಿಕ್ಕೆ ಹತ್ತಿದ: "ಅವ್ವಾ, ಸೆಟ್ಟಿಂಗ್ಸಿಗೆ ಹೋಗು. ಕೆಳಗ ಬಾ. ಇನ್ನೂ ಕೆಳಗ. ಸಿಸ್ಟಮ್ ಅಂತ ಅದ ನೋಡು, ಅದರಾಗ ಎನೇಬಲ್ ಎಚ್‌ಡಿಸಿಪಿ. ಅದರ ಮುಂದಿನ ಟಿಕ್ ತಗಿ. ಗಡಬಡ ಮಾಡಬ್ಯಾಡ, ಸಾವಕಾಶ."

ಮೂರು ವಾರದಾಗ ಅವ ನನ್ನ ಜೋಡಿ ಅಷ್ಟು ಉದ್ದ ಮಾತಾಡಿದ್ದು ಅವತ್ತ. ಕೇಳಿಸಿದ್ರೂ ಕೇಳಸಲಿಲ್ಲ ಅಂತ ಇನ್ನೊಮ್ಮೆ ಹೇಳಿಸಿಕೊಂಡೆ. ಅತ್ತಿಯವರು, "ಇದ್ಯಾವ ಜಾಹೀರಾತವಾ, ಬರೇ ಅಕ್ಷರನ ಅವ" ಅಂದ್ರು.

ಪರದೆ ಮ್ಯಾಲೆ ಆಟ ಬಂತು ಖರೇ, ಆದ್ರ ಒಂದು ಚೂರು ತಡಾ. ಇವ ಗುಂಡಿ ಒತ್ತಿದ ಮ್ಯಾಲೆ ಪರದೆಯೊಳಗಿನವ ಒದಿಯೂದು. ಬರೇ ನೋಡಾವರಿಗೆ ಅದು ಗೊತ್ತಾಗಂಗಿಲ್ಲ, ಗೋಲ್ ತಡಿಯಾವಂಗ ಗೊತ್ತಾಗ್ತದ. ಸಾಸಿವಿ ಚಟಪಟ ಅಂದದ್ದು ನಿಮಗ ತಡಾ ಮಾಡಿ ಕೇಳಿಸಿದ್ರ ಒಗ್ಗರಣಿ ಏನಾಗಬೇಕು ಹೇಳ್ರಿ. ತುಟ್ಟಿ ಕಾರ್ಡಿನ್ಯಾಗ ತಡಾ ಇಲ್ಲದ ಚಿತ್ರ ಕಳಸಲಿಕ್ಕೆ ಇನ್ನೊಂದು ಬಾಯಿ ಇರ್ತದಂತ, ಆದ್ರ ಆ ಬಾಯಿ ಹಚ್ಚಬೇಕಾದ್ದು ಟೀವಿಗೆ! ಎರಡು ದಿನ ಆಡಿದ. ಮೂರನೇ ದಿನ ಜಾಯ್‌ಸ್ಟಿಕ್ ಬಾಜೂಕ್ಕಿಟ್ಟು ಮತ್ತ ಗ್ವಾಡಿ ಕಡೆ ಹೊಳ್ಳಿದ.

ನನ್ನ ಹೊಟ್ಟಿ ಕಿವಚಿಧಂಗ ಆತು. ಅತ್ತಿಯವರನ್ನ ಖೋಲಿಗೆ ಕಳಿಸಿ, ಇವನ ಮಂಚಾನ ಪಡಸಾಲಿಗೆ ತರೂದೇನು ಅಂತ ನಮ್ಮನಿಯವರನ್ನ ಕೇಳೇ ಬಿಟ್ಟೆ. ಅವರು ತಾಯಿ ಕಡೆ ಒಮ್ಮೆ ನೋಡಿದ್ರು, ಮಗನ ಖೋಲಿ ಕಡೆ ಒಮ್ಮೆ ನೋಡಿದ್ರು, ಅಂಗಿ ಹಾಕ್ಕೊಂಡು ಹೊರಗ ಹೋದ್ರು.

ಅಕ್ಕನ ಮಗಗ ಮತ್ತ ಫೋನ್ ಮಾಡಿದೆ. "ಮೌಶಿ, ಚಿತ್ರ ಕೇಬಲ್ಲಿನಿಂದನ ಬರಬೇಕಂತೇನಿಲ್ಲ, ಮನಿ ಇಂಟರ್‌ನೆಟ್ಟಿನ ಮ್ಯಾಲೂ ಬರ್ತದ" ಅಂದ. ಸೋನಿಯವರದ ಪಿಎಸ್ ರಿಮೋಟ್ ಪ್ಲೇ ಅಂತ ಅದ, ಅದಕ್ಕ ರೊಕ್ಕ ಕೊಡೂದಿಲ್ಲ. ಪಿಎಸ್4 ಪಡಸಾಲ್ಯಾಗ ರೌಟರಿನ ಬಾಜೂ ಕೂಡ್ತು, ಲ್ಯಾನ್ ವಾಯರಿನಿಂದ ರೌಟರಿಗೆ ಹಚ್ಚಿದ್ವಿ. ಪಿಎಸ್4ದಾಗ ರಿಮೋಟ್ ಪ್ಲೇ ಚಾಲೂ ಮಾಡಿ, ಲ್ಯಾಪ್‌ಟಾಪಿನ್ಯಾಗ ಆ ಸಾಫ್ಟ್‌ವೇರ್ ಹಾಕಿ, ಎರಡೂ ಕಡೆ ಅವನ ಒಂದ ಅಕೌಂಟ್. ಜಾಯ್‌ಸ್ಟಿಕ್ ಯುಎಸ್‌ಬಿ ವಾಯರಿನಿಂದ ಲ್ಯಾಪ್‌ಟಾಪಿಗೆ. ಟೀವಿ ಹಚ್ಚೂದು ಬ್ಯಾಡ. ಪಿಎಸ್4 ಅದರ ಕೆಳಗ ಸುಮ್ಮನ ಕೆಲಸ ಮಾಡ್ಕೋತ ಇರ್ತದ, ಮ್ಯಾಲೆ ಧಾರಾವಾಹಿ ನಡದಿರ್ತದ. ನಮ್ಮ ಸಾದಾ ಪಿಎಸ್4ಕ್ಕ ಚಿತ್ರ 720ಕ್ಕಿಂತ ಮ್ಯಾಲೆ ಬರಂಗಿಲ್ಲ (ಪ್ರೋ ಇದ್ದವರಿಗೆ 1080). ಸಣ್ಣ ಪರದೆಗೆ ಅಷ್ಟು ಸಾಕು.

ಮೊದಲು ವೈಫೈ ಮ್ಯಾಲೆ ಹಚ್ಚಿದ್ವಿ. ನಮ್ಮನಿಯವರು ಫೋನಿನ್ಯಾಗ ವಿಡಿಯೋ ನೋಡಲಿಕ್ಕೆ ಕೂತ್ರ ಆಟಗಾರರೆಲ್ಲಾ ಒಡದ ಮೊಸರಿನಂಗ ಕಾಣಸ್ತಿದ್ರು. ಹಂಗಾಗಿ ಉದ್ದನ್ನ ಲ್ಯಾನ್ ವಾಯರ್ ತರಿಸಿ ಲ್ಯಾಪ್‌ಟಾಪಿಗೂ ಹಚ್ಚಿದ್ವಿ. ವಾಯರ್ ನೆಲದ ಮ್ಯಾಲೆ ಬಿಡೂಹಂಗಿಲ್ಲ, ಒಬ್ಬರಿಗೆ ಮೊಣಕಾಲು, ಒಬ್ಬಗ ವಾಕರ್. ಸ್ಟೂಲ್ ಹತ್ತಿ ಬಾಗಲಾ ಚೌಕಟ್ಟಿನ ಮ್ಯಾಲಿಂದ ಕ್ಲಿಪ್ ಹೊಡಕೋತ ನಾನ ಒಯ್ದೆ. ತಡಾ ಪೂರಾ ಹೋಗಿಲ್ಲ, ಆದ್ರ ಅವಗ ಸಹಿಸೂವಷ್ಟು ಆತು.

ಮೊದಲನೇ ದಿನ ನಾ ಅಡಗಿಮನ್ಯಾಗ ಭಕ್ರಿ ಬಡೀಲಿಕ್ಕೆ ಹತ್ತಿದ್ದೆ. "ಏ, ಬಾಲ್ ಕೊಡಲೇ, ಕಣ್ಣು ಕಾಣಸೂದಿಲ್ಲೇನಲೇ" ಅಂತ ಒದರಿದ. ಬೆಳಗಾಂವದವ ಏನೋ ಅಂದ, ಇವ ನಕ್ಕ. ಹಂಚಿನ ಮ್ಯಾಲಿನ ಭಕ್ರಿ ಹೊತ್ತಿತು. ಹೊತ್ತಲಿ ಬಿಡು ಅಂತ ಹಂಗ ನಿಂತು ಕೇಳಿದೆ.

ನೌಕರಿ ಹೋದ ಹುಡುಗ ಆಟ ಆಡ್ಕೋತ ಕೂತಾನ ಅಂತ ಓಣ್ಯಾಗ ಒಂದಿಬ್ಬರು ಅಂದ್ರು. ಹಾಸಿಗಿ ಹಿಡದ ಹುಡುಗನ್ನ ನೋಡಲಿಕ್ಕೆ ಒಮ್ಮೆನೂ ಬರಲಾರದವರ ಮಾತಿಗೆ ನಾ ಉತ್ತರ ಕೊಡಂಗಿಲ್ಲ. ಅತ್ತಿಯವರು ಮಾತ್ರ ಒಂದಿನ ಕರೆಂಟ್ ಬಂದ ಮ್ಯಾಲೆ ಗ್ವಾಡಿ ಹಿಡಕೊಂಡು ಅವನ ಖೋಲಿಗೆ ಹೋಗಿ ಪರದೆ ನೋಡಿದ್ರು. ಖರೇ ಮ್ಯಾಚ್ ಅಂತ ತಿಳದು, "ನಮ್ಮವರು ಯಾರಪಾ, ಕೆಂಪು ಅಂಗಿಯವರೋ, ಬಿಳೇ ಅಂಗಿಯವರೋ?" ಅಂತ ಕೇಳಿದ್ರು. "ಕೆಂಪು ಅಜ್ಜಿ" ಅಂದ.

ಬರೋ ಸೋಮವಾರ ಎಕ್ಸ್‌-ರೇ ಅದ. ಕಾಲು ಊರಬಹುದು ಅಂದ್ರ ಬಾಗಲಾ ಮ್ಯಾಲಿನ ವಾಯರ್ ಬಿಚ್ಚಲೇನು ಅಂತ ನಿನ್ನೆ ಕೇಳಿದೆ. "ಇರಲಿ ಬಿಡವಾ, ಟೀವಿ ಅಜ್ಜಿದು" ಅಂದ.