ನೀರಿಲ್ಲದ ಹೊಳೆ
1997ರಲ್ಲಿ ಜಪಾನಿನ ನ್ಯಾಮ್ಕೋ ಸಂಸ್ಥೆ ಆರ್ಕೇಡ್‌ಗಳಿಗಾಗಿ ನಿರ್ಮಿಸಿದ ‘ರ‍್ಯಾಪಿಡ್ ರಿವರ್’ ಎಂಬ ಆಟದಲ್ಲಿ, ತೆಪ್ಪದಾಕೃತಿಯ ಆಸನವನ್ನೇರಿ, ಪರದೆಯ ಮೇಲೆ ಧಾವಿಸಿ ಬರುವ ಪ್ರವಾಹಕ್ಕೆ ಅಭಿಮುಖವಾಗಿ ಕುಳಿತವನು ಕೈಯಲ್ಲಿ ಹಿಡಿದ ಹುಟ್ಟನ್ನು ನಿಜವಾಗಿ ಬೀಸಿದರಷ್ಟೇ ಸುಳಿಯಿಂದ ಪಾರಾಗುತ್ತಿದ್ದನು. 2010ರಲ್ಲಿ ಮೈಕ್ರೋಸಾಫ್ಟಿನ ಕಿನೆಕ್ಟ್‌ನೊಡನೆ ಬಂದ ‘ರಿವರ್ ರಶ್’ ಆ ಹುಟ್ಟನ್ನೂ ತ್ಯಜಿಸಿತು: ಅಗೋಚರವಾದ ಅವಕೆಂಪು ಬೆಳಕಿನ ಚುಕ್ಕೆಗಳನ್ನು ಕೋಣೆಯಲ್ಲೆಲ್ಲ ಚೆಲ್ಲಿ, ಅವು ಪಲ್ಲಟಗೊಂಡ ಪ್ರಮಾಣದಿಂದ ದೇಹದ ದೂರವನ್ನು ಗಣಿಸುವ ಆ ಸಾಧನದ ಮುಂದೆ, ಎಡಕ್ಕೆ ಸರಿದರೆ ತೆಪ್ಪವೂ ಎಡಕ್ಕೆ, ಜಿಗಿದರೆ ತೆಪ್ಪವೂ ಮೇಲಕ್ಕೆ.

ಇಬ್ಬರು ಜೊತೆಗೂಡಿ ಆಡುವಾಗ ಇದರ ಸೊಗಸು ಇಮ್ಮಡಿಯಾಗುತ್ತದೆ; ಒಬ್ಬರು ಬಲಕ್ಕೆ ಹೆಜ್ಜೆಯಿಡುವ ಕ್ಷಣದಲ್ಲೇ ಮತ್ತೊಬ್ಬರು ಎಡಕ್ಕೆ ವಾಲಿದರೆ ತೆಪ್ಪ ನೆಟ್ಟಗೆ ಹೋಗಿ ಬಂಡೆಗೆ ಬಡಿಯುವುದು, ಆಗ ಏಳುವ ನಗೆಯೂ ಆಕ್ಷೇಪವೂ ಯಾವ ಹೊಳೆಯದಕ್ಕಿಂತಲೂ ಕಡಿಮೆಯಲ್ಲ.

ಆದರೂ ನನ್ನ ಒಲವು ಹುಟ್ಟಿನ ಪಕ್ಷಕ್ಕೇ ಸೇರಿದುದು. ಅಂಗೈಯನ್ನು ಒತ್ತುವ ಒಂದು ದಂಡವಿರದೆ, ಹೆಗಲು ಸೋಲುವಂಥ ಒಂದು ಶ್ರಮವಿರದೆ, ಬರಿಯ ಗಾಳಿಯಲ್ಲಿ ಓಲಾಡುವ ಶರೀರಕ್ಕೆ ಪ್ರವಾಹದ ಬಲ ಅನುಭವಕ್ಕೆ ಬರುವುದೆಂತು? ಹುಟ್ಟು ಹಿಡಿಸುವ ಯಂತ್ರಗಳು ಇಂದು ವಿರಳವಾಗಿರುವುದು ನನಗೆ ಖೇದದ ಸಂಗತಿ.